ನೀರು ಕುಡಿದೇ ಬಾಯಾರಿದ ಗಿಡ

ಮಕ್ಕಳೇ, ನನ್ನ ಓರಗೆಯ ಅಜ್ಜ ಅಜ್ಜಿಯರೇ, ಈ ವಾರ ನಿಮಗೊಂದು ಸಣ್ಣ ಪ್ರಶ್ನೆ. ಮನೆಯ ಕುಂಡದಲ್ಲಿರುವ ಗಿಡವೊಂದರ ಎಲೆ ಜೋತು ಬಿದ್ದಿದೆ, ಬಣ್ಣ ಹಳದಿಗೆ ತಿರುಗಿದೆ ಎಂದುಕೊಳ್ಳಿ. ನೀವು ಮೊದಲು ಏನು ಮಾಡುತ್ತೀರಿ?

ನಮ್ಮಲ್ಲಿ ಬಹಳ ಮಂದಿ ಮಾಡುವುದು ಒಂದೇ ಕೆಲಸ. "ಪಾಪ, ಬಾಯಾರಿದೆ" ಎನ್ನುತ್ತಾ ಒಂದು ಚೊಂಬು ನೀರು ತಂದು ಸುರಿಯುತ್ತೇವೆ. ಬಿಸಿಲಿಗೆ ಬಾಡಿದ ತುಳಸಿಯೋ ದಾಸವಾಳವೋ ಆಗಿದ್ದರೆ ಅದು ಸರಿಯಾದ ಕೆಲಸವೇ. ಸಂಜೆಯೊಳಗೆ ಎಲೆ ಮತ್ತೆ ಎದ್ದು ನಿಲ್ಲುತ್ತದೆ. ಆದರೆ ದಪ್ಪ ಎಲೆಯ ಗಿಡಗಳದ್ದೇ ಒಂದು ಬೇರೆ ಪಂಗಡವಿದೆ. ಲೋಳೆಸರ, ಕಾಡುಬಸಳೆ, ಕಳ್ಳಿ, ಈಗೀಗ ಎಲ್ಲರ ಮನೆಯ ಕಿಟಕಿಯಲ್ಲೂ ಕಾಣುವ ಜೇಡ್ ಗಿಡ, ಇವೆಲ್ಲ ಆ ಪಂಗಡದವು. ನರ್ಸರಿಯವರು ಇವನ್ನು ಒಟ್ಟಾಗಿ 'ಸಕ್ಯುಲೆಂಟ್' ಎನ್ನುತ್ತಾರೆ. ಇವು ಬಾಡಿ ನಿಂತಾಗ ನಾವು ಸುರಿಯುವ ಆ ಒಂದು ಚೊಂಬು ನೀರೇ ಎಷ್ಟೋ ಸಲ ಅವುಗಳ ಪ್ರಾಣಕ್ಕೆ ಬರುತ್ತದೆ.

ಅದು ಹೇಗೆ ಎಂದು ನೋಡೋಣ. ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ, ನನಗೆ ಚೆನ್ನಾಗಿ ಬರುವುದು ಅದೊಂದೇ. ಸಾಮಾನ್ಯ ಗಿಡ ದಿನಗೂಲಿ ಮಾಡುವವನಂತೆ. ಅಂದಂದಿನ ನೀರು ಅಂದಂದಿಗೆ ಖರ್ಚು. ದಪ್ಪ ಎಲೆಯ ಗಿಡಕ್ಕಾದರೋ ಒಂದು ಉಳಿತಾಯ ಖಾತೆ ಇದೆ. ಮಳೆ ಬಂದ ದಿನ ಸಿಕ್ಕಷ್ಟು ನೀರನ್ನು ಎಲೆಯಲ್ಲಿ, ಕಾಂಡದಲ್ಲಿ ಜಮಾ ಮಾಡಿಕೊಳ್ಳುತ್ತದೆ. ಆಮೇಲೆ ವಾರಗಟ್ಟಲೆ, ಕೆಲವು ಜಾತಿಯವು ತಿಂಗಳುಗಟ್ಟಲೆ, ಅದನ್ನೇ ಸ್ವಲ್ಪ ಸ್ವಲ್ಪ ತೆಗೆದು ಬಾಳುತ್ತವೆ.

ಇಷ್ಟೇ ಅಲ್ಲ, ಖರ್ಚಿನಲ್ಲೂ ಇವು ಬಹಳ ಬಿಗಿ. ಎಲೆಯ ಮೇಲೆ ಕಣ್ಣಿಗೆ ಕಾಣದಂಥ ಪುಟ್ಟ ಬಾಯಿಗಳಿರುತ್ತವೆ, ಶಾಲೆಯಲ್ಲಿ ಅವನ್ನು ಪತ್ರರಂಧ್ರ ಎಂದು ಓದಿರುತ್ತೀರಿ. ಬೇರೆ ಗಿಡಗಳು ಇವನ್ನು ಹಗಲು ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತವೆ. ಹಾಗೆ ತೆರೆದಾಗಲೇ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಕಾಡುಬಸಳೆಯಂಥ ಗಿಡಗಳು ಹಗಲಿಡೀ ಬಾಗಿಲು ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ರಾತ್ರಿ ಸಿಕ್ಕಿದ್ದನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಬೆಳಗಾದ ಮೇಲೆ ಬಿಸಿಲಿನ ಸಹಾಯದಿಂದ ಆಹಾರ ಮಾಡಿಕೊಳ್ಳುತ್ತವೆ.

ಈ ಗುಟ್ಟಿನ ಮೊದಲ ಸುಳಿವು ಕೊಟ್ಟವರಿಗೂ ನಮ್ಮ ಲಾಲ್‌ಬಾಗ್‌ಗೂ ಸಂಬಂಧವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲಾಲ್‌ಬಾಗ್ ಬ್ರಿಟಿಷರ ಕೈಗೆ ಹೋಯಿತು. ಅದರ ಉಸ್ತುವಾರಿ ನೋಡಿಕೊಂಡವರಲ್ಲಿ ಬೆಂಜಮಿನ್ ಹೇಯ್ನ್ ಎಂಬ ಸಸ್ಯಶಾಸ್ತ್ರಜ್ಞರೂ ಒಬ್ಬರು. ಅವರು ಕಾಡುಬಸಳೆಯ ಎಲೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಬಾಯಿಗೆ ಹಾಕಿ ನೋಡಿದರು. ಬೆಳಿಗ್ಗೆ ಚೆನ್ನಾಗಿ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ! ಇದನ್ನು ಅವರು ಒಂದು ಪತ್ರದಲ್ಲಿ ಬರೆದರು. ಲಂಡನ್ನಿನ ಲಿನೇಯನ್ ಸೊಸೈಟಿಯ ಸಂಪುಟದಲ್ಲಿ ಅದು 1815ರಲ್ಲಿ ಅಚ್ಚಾಯಿತು. ರಾತ್ರಿ ಕೂಡಿಟ್ಟ ಆಮ್ಲವೇ ಆ ಹುಳಿ, ಹಗಲು ಖರ್ಚಾದದ್ದೇ ಆ ಸಪ್ಪೆ. ಮಕ್ಕಳೇ, ನೀವು ಮಾತ್ರ ಈ ಪರೀಕ್ಷೆಗೆ ಹೋಗಬೇಡಿ. ಕಾಡುಬಸಳೆಯಲ್ಲಿ ಹೃದಯಕ್ಕೆ ತೊಂದರೆ ಕೊಡುವ ವಿಷದ ಅಂಶಗಳಿವೆ, ಮೇಯ್ದ ದನಕರುಗಳೂ ಕಾಯಿಲೆ ಬೀಳುತ್ತವೆ.

ಈಗ ನೀವೇ ಯೋಚಿಸಿ. ಇಷ್ಟು ಉಳಿತಾಯ, ಇಷ್ಟು ಬಿಗಿ ಖರ್ಚು ಇರುವ ಗಿಡಕ್ಕೆ ದಿನಾ ನೀರು ಹಾಕಿದರೆ ಅದು ಏನು ಮಾಡಬೇಕು?

ನಮ್ಮ ಮೇಲಿನ ಮನೆಯಲ್ಲಿ ಐದನೆಯ ತರಗತಿಯ ಹುಡುಗನೊಬ್ಬನಿದ್ದಾನೆ. ಕಳೆದ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅವನ ಅಜ್ಜಿ ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಹೊರಟರು. ಮೂರು ತಿಂಗಳ ಮಾತು. ಹೋಗುವಾಗ ಮೊಮ್ಮಗನನ್ನು ಕರೆದು, "ನನ್ನ ಗಿಡ ನೋಡ್ಕೋ ಪುಟ್ಟಾ, ಒಣಗಿಸಬೇಡ" ಎಂದಿದ್ದರು. ಅದು ಕಿಟಕಿಯ ಹತ್ತಿರ ಇಟ್ಟಿದ್ದ ಒಂದು ಜೇಡ್ ಗಿಡ. ಏಳು ವರ್ಷದ ಹಿಂದೆ ಲಾಲ್‌ಬಾಗ್‌ನ ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನ ನೋಡಲು ಹೋದಾಗ ಅವನ ಅಜ್ಜ ಕೊಡಿಸಿದ್ದು. ಅಂಗೈಯಗಲದ ಗಿಡವನ್ನು ಶಿವಮೊಗ್ಗದವರೆಗೆ ರೈಲಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದರಂತೆ. ಅಜ್ಜ ಈಗಿಲ್ಲ.

ಹುಡುಗ ಅಜ್ಜಿಯ ಮಾತನ್ನು ಅಕ್ಷರಶಃ ಪಾಲಿಸಿದ. ದಿನಾ ಶಾಲೆಗೆ ಹೊರಡುವ ಮುಂಚೆ ಒಂದು ಚೊಂಬು ನೀರು. ಎಲೆ ಉದುರಲು ಶುರುವಾದಾಗ ಹೆದರಿ ಸಂಜೆಗೂ ಒಂದು ಚೊಂಬು. ಆರನೆಯ ವಾರದ ಒಂದು ಭಾನುವಾರ ಕುಂಡವನ್ನು ಎದೆಗೆ ಅವಚಿಕೊಂಡು ನಮ್ಮ ಮನೆಗೆ ಇಳಿದು ಬಂದ.

"ಅಜ್ಜಾ, ಎಷ್ಟು ನೀರು ಹಾಕಿದ್ರೂ ಬಾಡ್ತಾನೇ ಇದೆ. ಏನು ಮಾಡ್ಲಿ?"

ಮೊದಲು ಗಿಡದ ಬಾಡುವಿಕೆ ಯಾವ ಬಗೆಯದು ಎಂದು ಗುರುತಿಸಬೇಕು. ಅವನಿಗೆ ತೋರಿಸಿದ್ದನ್ನೇ ನಿಮಗೂ ಹೇಳುತ್ತೇನೆ. ನೀರು ಸಾಲದೆ ಬಾಡಿದ ಎಲೆ ತೆಳ್ಳಗಾಗಿ, ನನ್ನ ಕೈಯ ಚರ್ಮದ ಹಾಗೆ ಸುಕ್ಕುಗಟ್ಟಿರುತ್ತದೆ. ಕಾಂಡದ ಬುಡ ಮಾತ್ರ ಗಟ್ಟಿಯಾಗಿರುತ್ತದೆ. ನೀರು ಹೆಚ್ಚಾಗಿ ಕೆಟ್ಟ ಎಲೆ ಹಳದಿಯಾಗಿ, ಒಳಗೆ ನೀರು ತುಂಬಿದಂತೆ ಪಾರದರ್ಶಕವಾಗಿ, ಮುಟ್ಟಿದರೆ ಪಚ್ಚೆನ್ನುತ್ತದೆ. ಸ್ವಲ್ಪ ತಾಗಿದರೂ ಉದುರುತ್ತದೆ. ಬುಡ ಕಪ್ಪಗೆ, ಮೆತ್ತಗೆ. ಮಣ್ಣನ್ನು ಮೂಸಿದರೆ ಚರಂಡಿಯ ವಾಸನೆ.

ಈ ಗಿಡದಲ್ಲಿ ಎರಡನೆಯ ಗುರುತುಗಳೆಲ್ಲ ಇದ್ದವು. ಕುಂಡದ ಕೆಳಗಿನ ತಟ್ಟೆಯಲ್ಲಿ ಎರಡು ಬೆರಳು ನೀರು ನಿಂತಿತ್ತು. ಆದರೆ ತುದಿಯ ಕೆಲವು ಎಲೆಗಳು ಸುಕ್ಕುಗಟ್ಟಿದ್ದವು. ಹುಡುಗ ಅದನ್ನೇ ತೋರಿಸಿ, "ನೋಡಿ, ಇದು ನೀರಿಲ್ಲದ ಗುರುತಲ್ವಾ?" ಎಂದ.

ಒಳ್ಳೆಯ ಪ್ರಶ್ನೆ. ಎಷ್ಟೋ ದೊಡ್ಡವರೂ ಮೋಸ ಹೋಗುವುದು ಇಲ್ಲೇ. ಬೇರಿಗೆ ನೀರೊಂದೇ ಸಾಲದು ಮಕ್ಕಳೇ, ಗಾಳಿಯೂ ಬೇಕು. ಬೇರೂ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದಿಗಳಲ್ಲಿರುವ ಗಾಳಿಯೇ ಅದಕ್ಕೆ ಆಮ್ಲಜನಕ ಕೊಡುವುದು. ದಿನಾ ನೀರು ಸುರಿದರೆ ಆ ಸಂದಿಗಳಲ್ಲೆಲ್ಲ ನೀರೇ ನಿಲ್ಲುತ್ತದೆ. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬೇರಿಗೆ ಉಸಿರು ಕಟ್ಟುತ್ತದೆ, ಸಾಯುತ್ತದೆ, ಕೊಳೆಯುತ್ತದೆ. ಬೇರು ಸತ್ತ ಮೇಲೆ ನೀರು ಎಳೆದುಕೊಳ್ಳುವವರು ಯಾರು? ಹಾಗಾಗಿ ನೀರಿನಲ್ಲೇ ನಿಂತಿದ್ದರೂ ಎಲೆಗೆ ಬಾಯಾರಿಕೆ. ಅದನ್ನು ನೋಡಿ ನಾವು ಇನ್ನೊಂದು ಚೊಂಬು ಸುರಿಯುತ್ತೇವೆ. ಉಳಿದಿದ್ದ ನಾಲ್ಕು ಬೇರೂ ಹೋಗುತ್ತವೆ.

ಇಂಥ ಒದ್ದೆ ಮಣ್ಣಿಗೆ ಕಾಯುತ್ತಿರುವ ಸೂಕ್ಷ್ಮಜೀವಿಗಳೂ ಇವೆ. ಪಿಥಿಯಂ, ಫೈಟೊಫ್ಥೋರಾ ಎಂಬ ಎರಡು ಬಗೆಗಳು ಮುಖ್ಯವಾದವು. ನೋಡಲು ಬೂಷ್ಟಿನಂತೆ, ಆದರೆ ಇವುಗಳ ಬೀಜಾಣುಗಳು ನೀರಿನಲ್ಲಿ ಈಜಿಕೊಂಡು ಹೋಗಬಲ್ಲವು! ಮಲೆನಾಡಿನ ಅಜ್ಜಂದಿರಿಗೆ ಇವುಗಳ ಬಳಗದ ಪರಿಚಯ ಚೆನ್ನಾಗಿಯೇ ಇದೆ. ಅಡಿಕೆಗೆ ಬರುವ ಕೊಳೆರೋಗ ಫೈಟೊಫ್ಥೋರಾದ್ದೇ ಕೆಲಸ. ಹಳೆಯ ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಪುಸ್ತಿಕೆಯನ್ನೇ ಬರೆದರು. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮುಂಚೆ ಗೊನೆಗೆ ಹೊಡೆಯುವುದನ್ನು ಬೆಳೆಗಾರರಿಗೆ ಕಲಿಸಿದವರಲ್ಲಿ ಅವರು ಮೊದಲಿಗರು. ಬಿಡದೆ ನೆನೆದದ್ದು ಕೊಳೆಯುತ್ತದೆ ಎಂಬುದು ತೋಟಕ್ಕೂ ನಿಜ, ಕಿಟಕಿಯ ಕುಂಡಕ್ಕೂ ನಿಜ.

ಇನ್ನು ಚಿಕಿತ್ಸೆ. ಗಿಡವನ್ನು ಕುಂಡದಿಂದ ಮೆಲ್ಲಗೆ ಹೊರತೆಗೆದು ಮಣ್ಣು ಕೊಡವಿದೆವು. ಆರೋಗ್ಯವಾದ ಬೇರು ಬೆಳ್ಳಗೋ ತಿಳಿಕಂದಾಗಿಯೋ ಇದ್ದು ಗಟ್ಟಿಯಾಗಿರುತ್ತದೆ. ಹಾಗೆ ಇದ್ದಿದ್ದರೆ ಕೆಲಸ ಸುಲಭವಿತ್ತು. ಪೇಪರಿನ ಮೇಲೆ ನೆರಳಲ್ಲಿ ಎರಡು ಮೂರು ದಿನ ಒಣಗಿಸಿ, ಒಣ ಮಣ್ಣಿನಲ್ಲಿ ನೆಟ್ಟು, ಒಂದು ವಾರ ನೀರು ಹಾಕದೆ ಬಿಟ್ಟರೆ ಗಿಡ ಚೇತರಿಸಿಕೊಳ್ಳುತ್ತಿತ್ತು. ಇಲ್ಲಿ ಬೇರೆಲ್ಲ ಕಪ್ಪು. ಹಿಡಿದೆಳೆದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಕೈಗೆ ಬರುತ್ತಿತ್ತು.

ಹೊಸ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸಿ ಕಾಂಡವನ್ನು ಬುಡದಿಂದ ಒಂದಿಂಚು ಮೇಲೆ ಕೊಯ್ದೆ. (ಮಕ್ಕಳೇ, ಬ್ಲೇಡು ಹಿಡಿಯುವುದು ದೊಡ್ಡವರ ಕೆಲಸ.) ಕೊಯ್ದ ಜಾಗದಲ್ಲಿ ಕಂದು ಉಂಗುರ ಕಂಡಿತು. ಕೊಳೆ ಇನ್ನೂ ಮೇಲಕ್ಕೆ ಹತ್ತಿದೆ ಎಂದು ಅರ್ಥ. ಬ್ಲೇಡನ್ನು ಮತ್ತೆ ಒರೆಸಿ ಇನ್ನೊಂದಿಂಚು ಮೇಲೆ ಕೊಯ್ದೆ. ಅಲ್ಲೂ ಕಂದು. ಹೀಗೆ ಮೇಲೆ ಹೋಗುತ್ತಾ ಹೋಗುತ್ತಾ ನಡುಕಾಂಡ ಪೂರ್ತಿ ಮುಗಿಯಿತು. ಮೇಲಿನ ಆರು ರೆಂಬೆಗಳಲ್ಲಿ ಮಾತ್ರ ಕೊಯ್ದ ಜಾಗ ಎಳೆ ಹಸಿರಾಗಿ, ಚುಕ್ಕೆಯಿಲ್ಲದೆ ಇತ್ತು. ಏಳು ವರ್ಷದ ಗಿಡದಲ್ಲಿ ಉಳಿದದ್ದು ಬೆರಳುದ್ದದ ಆರು ಕಡ್ಡಿ. ಹುಡುಗ ಸದ್ದಿಲ್ಲದೆ ಅಳುತ್ತಿದ್ದ.

ಅವನಿಗೆ ಆ ಗಿಡದ ತವರಿನ ಕಥೆ ಹೇಳಿದೆ. ಜೇಡ್ ಎಂಬ ಹೆಸರಿನಲ್ಲಿ ನಮ್ಮ ನರ್ಸರಿಗಳಲ್ಲಿ ಎರಡು ಬಗೆಯ ಗಿಡ ಸಿಗುತ್ತವೆ. ಅವನ ಅಜ್ಜಿಯದು ಪುಟ್ಟ ಎಲೆ, ಕೆಂಪು ಕಾಂಡದ ಬಗೆ. ಅದರ ತವರು ದಕ್ಷಿಣ ಆಫ್ರಿಕಾ. ಅಲ್ಲಿಯವರು ಅದನ್ನು ಸ್ಪೆಕ್‌ಬೂಮ್ ಎನ್ನುತ್ತಾರೆ. ಅಲ್ಲಿ ಆನೆಗಳಿಗಾಗಿಯೇ 1931ರಲ್ಲಿ ಮಾಡಿದ ಆಡ್ಡೋ ಎಂಬ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿನ ಆನೆಗಳಿಗೆ ಈ ಗಿಡ ದಿನದ ಊಟ. ಆನೆ ಮೇಲಿನಿಂದ ಮುರಿದು ತಿನ್ನುತ್ತದೆ, ತಿನ್ನುವಾಗ ರೆಂಬೆಗಳು ಸುತ್ತ ಉದುರುತ್ತವೆ. ಬಿದ್ದ ರೆಂಬೆ ಒಣ ನೆಲದ ಮೇಲೆ ಹಾಗೇ ಇದ್ದು, ಮುರಿದ ಗಾಯ ಒಣಗಿ, ಎಲೆಯಲ್ಲಿ ಕೂಡಿಟ್ಟ ನೀರಿನಿಂದಲೇ ಬೇರು ಬಿಟ್ಟು ಹೊಸ ಗಿಡವಾಗುತ್ತದೆ.

"ನಾವೀಗ ಮಾಡಿದ್ದು ಆನೆಯ ಕೆಲಸ ಮಾರಾಯ. ಇನ್ನು ಅಲ್ಲಿನ ಒಣ ನೆಲದ ಕೆಲಸ ಮಾಡಬೇಕು" ಎಂದೆ. ಮೂಗು ಒರೆಸಿಕೊಂಡು ಆರೂ ಕಡ್ಡಿಗಳನ್ನು ಪೇಪರಿನ ಮೇಲೆ ಸಾಲಾಗಿ ಜೋಡಿಸಿದ.

ಒಣ ನೆಲದ ಕೆಲಸವೆಂದರೆ ಕೊಯ್ದ ಕಡ್ಡಿಯನ್ನು ಕೂಡಲೇ ನೆಡದಿರುವುದು. ನಮ್ಮ ಮೊಣಕಾಲಿನ ಗಾಯಕ್ಕೆ ಹಕ್ಕಳೆ ಕಟ್ಟುವ ಹಾಗೆ ಕಡ್ಡಿಯ ಗಾಯವೂ ಒಣಗಿ ಮುಚ್ಚಿಕೊಳ್ಳಬೇಕು. ಹಸಿ ಗಾಯವನ್ನು ಮಣ್ಣಿಗಿಟ್ಟರೆ ಕೊಳೆ ಮತ್ತೆ ಒಳಗೆ ನುಗ್ಗುತ್ತದೆ. ಬೇಸಿಗೆಯಲ್ಲಾದರೆ ಮೂರು ನಾಲ್ಕು ದಿನ ಸಾಕು, ಮಲೆನಾಡಿನ ಮಳೆಗಾಲಕ್ಕೆ ಒಂದು ವಾರವಾದರೂ ಬೇಕು. ಗಾಯಕ್ಕೆ ಅರಿಶಿನ, ದಾಲ್ಚಿನ್ನಿ ಪುಡಿ ಹಚ್ಚುವವರಿದ್ದಾರೆ. ಹಚ್ಚಿ ಬಿಡಿ, ಆದರೆ ನೆರಳು ಮತ್ತು ಗಾಳಿಯಲ್ಲಿ ಒಣಗಿಸುವುದನ್ನು ಮಾತ್ರ ಬಿಡಬೇಡಿ.

ಹುಡುಗನಿಗೆ ಅತ್ಯಂತ ಕಷ್ಟವಾದದ್ದು ಆ ವಾರ. ದಿನಾ ಬೆಳಿಗ್ಗೆ ಇಳಿದು ಬಂದು, "ಅಜ್ಜಾ, ಚೂರೇ ಚೂರು ನೀರು ಚಿಮುಕಿಸ್ಲಾ?" ಎನ್ನುವನು. ಬೇಡ ಎಂದರೆ, "ಮತ್ತೆ ಏನೂ ಮಾಡದೆ ಸುಮ್ನೆ ಹೇಗೆ ಇರೋದು?" ಎಂದು ಕೇಳುವನು. ಆರು ವಾರ ದಿನಾ ಚೊಂಬು ಹಿಡಿದ ಕೈ ಅದು, ಸುಮ್ಮನಿರಲು ಹೇಗೆ ಒಪ್ಪೀತು? ಅವನ ಕೈಗೆ ಒಂದು ಕೆಲಸ ಕೊಡಬೇಕಿತ್ತು. ನನ್ನ ಕಪಾಟಿನಲ್ಲಿದ್ದ ಚಿಕ್ಕ ನೋಟ್‌ಬುಕ್ ತೆಗೆದು ಗೆರೆ ಎಳೆದುಕೊಟ್ಟೆ. ತಾರೀಖು, ಕುಂಡದ ತೂಕ, ಹಾಕಿದ ನೀರು, ಷರಾ. ಮೇಲೆ 'ಗಿಡದ ಪಾಸ್‌ಬುಕ್' ಎಂದು ಅವನೇ ದಪ್ಪಕ್ಷರದಲ್ಲಿ ಬರೆದ.

ಆ ವಾರದಲ್ಲೇ ಇನ್ನೊಂದು ಸಂಗತಿ ಹೊರಬಿತ್ತು. ಅಜ್ಜಿ ದಿನಾ ರಾತ್ರಿ ಫೋನ್ ಮಾಡಿ, ಮಗುವಿನ ಸುದ್ದಿಯೆಲ್ಲ ಹೇಳಿ, ಕೊನೆಗೆ "ನನ್ನ ಗಿಡ ಹೇಗಿದೆಯೋ?" ಎಂದು ಕೇಳುತ್ತಿದ್ದರಂತೆ. ಇವನು ಎಲೆ ಉದುರುತ್ತಿದ್ದಾಗಲೂ "ಚೆನ್ನಾಗಿದೆ ಅಜ್ಜಿ" ಎನ್ನುತ್ತಲೇ ಬಂದಿದ್ದ. ಈಗ ಊಟವೂ ಸರಿಯಾಗಿ ಸೇರುತ್ತಿಲ್ಲ ಎಂದು ಅವನ ತಾಯಿ ಹೇಳಿದರು. "ನರ್ಸರೀಲಿ ಅದೇ ತರದ್ದು, ಅಷ್ಟೇ ದೊಡ್ಡದು ಇದೆ ಅಂಕಲ್. ತಂದು ಅದೇ ಕುಂಡಕ್ಕೆ ಹಾಕಿಬಿಟ್ರೆ ಅತ್ತೆಗೂ ಬೇಜಾರಾಗಲ್ಲ, ಇವನಿಗೂ ಸಮಾಧಾನ" ಎಂದರು. ಅವರದು ತಾಯಿಯ ಕರುಳು. ಅದರಲ್ಲಿ ಕೆಡುಕೇನೂ ಇರಲಿಲ್ಲ.

ಹುಡುಗ ನನ್ನನ್ನು ಕೇಳಿದ. "ಅಜ್ಜಾ, ಬೇರೆ ಗಿಡ ಇಟ್ರೆ ಅಜ್ಜಿಗೆ ಗೊತ್ತಾಗುತ್ತಾ?"

"ಅಜ್ಜಿಗೆ ಗೊತ್ತಾಗದೇ ಇರಬಹುದು. ನಿನಗೆ ಗೊತ್ತಿರುತ್ತಲ್ಲ" ಎಂದೆ. ಆಮೇಲೆ ಬ್ಯಾಂಕಿನ ಒಂದು ಮಾತು ಹೇಳಿದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಎಲ್ಲವೂ ಕೈಬರಹದ ಲೆಡ್ಜರು. ಲೆಕ್ಕ ತಾಳೆ ನೋಡುವ ದಿನ ಎರಡು ಕಡೆಯ ಮೊತ್ತ ಒಂದೇ ಬರಬೇಕು. ಒಂದೊಂದು ಸಲ ಐದು ರೂಪಾಯಿಯೋ ಐವತ್ತು ಪೈಸೆಯೋ ವ್ಯತ್ಯಾಸ ಬಂದು, ರಾತ್ರಿ ಎಂಟಾದರೂ ಸಿಕ್ಕುತ್ತಿರಲಿಲ್ಲ. ಹೇಗಾದರೂ ಒಂದು ಅಂಕಿ ತಿದ್ದಿ ತಾಳೆ ಮಾಡಿಬಿಡೋಣ ಎಂದು ಯಾರಾದರೂ ಗೊಣಗಿದರೆ ನಮ್ಮ ಹೆಡ್ ಕ್ಲರ್ಕು ಪೆನ್ನು ಕೆಳಗಿಡಿಸುತ್ತಿದ್ದರು. ವ್ಯತ್ಯಾಸವನ್ನು ವ್ಯತ್ಯಾಸ ಎಂದೇ ಬರೆದಿಟ್ಟರೆ ನಾಳೆ ಯಾರಾದರೂ ಹುಡುಕಿಯಾರು. ಮುಚ್ಚಿಟ್ಟರೆ ಅದನ್ನು ಹುಡುಕುವವರೇ ಇಲ್ಲ, ಅದು ಪುಸ್ತಕದೊಳಗೇ ಬೆಳೆಯುತ್ತದೆ.

ಅವನು ಏನೂ ಹೇಳಲಿಲ್ಲ. ಆ ರಾತ್ರಿ ಫೋನ್ ಬಂದಾಗ ತಾನೇ ಎತ್ತಿಕೊಂಡನಂತೆ. ಉಳಿದದ್ದು ಅವನ ತಾಯಿ ಹೇಳಿದ್ದು. "ಅಜ್ಜಿ, ಗಿಡ ಚೆನ್ನಾಗಿಲ್ಲ. ಮುಂಚಿಂದಲೂ ಚೆನ್ನಾಗಿರ್ಲಿಲ್ಲ. ನೀರು ಜಾಸ್ತಿಯಾಗಿ ಕೊಳೆತುಹೋಯ್ತು" ಎಂದ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಅಜ್ಜಿ ಕೇಳಿದ್ದು ಒಂದೇ. "ಎಷ್ಟು ಕಡ್ಡಿ ಉಳಿದಿದೆ?"

"ಆರು."

"ಚಿಗುರಿದರೆ ಒಂದನ್ನ ಇಲ್ಲಿ ಪಾಪುವಿನ ಮನೆಗೆ ಕೊಡೋಣ. ಅಜ್ಜನ ಕಡೆಯಿಂದ ಆಯ್ತು" ಎಂದರಂತೆ. ಆ ರಾತ್ರಿ ಹುಡುಗ ಎರಡು ಸಲ ಅನ್ನ ಹಾಕಿಸಿಕೊಂಡ.

ಏಳನೆಯ ದಿನ ನೆಟ್ಟೆವು. ಮಣ್ಣಿನ ಅಳತೆ ಬರೆದುಕೊಳ್ಳಿ. ಒಂದು ಪಾಲು ತೋಟದ ಮಣ್ಣು, ಒಂದೂವರೆ ಪಾಲು ದಪ್ಪ ಮರಳು ಅಥವಾ ಕಡಲೆಕಾಳಿನಷ್ಟು ದಪ್ಪಕ್ಕೆ ಕುಟ್ಟಿದ ಇಟ್ಟಿಗೆ ಚೂರು, ಅರ್ಧ ಪಾಲು ಚೆನ್ನಾಗಿ ಕಳಿತ ಗೊಬ್ಬರ. ಹಿಡಿಯಷ್ಟು ಒದ್ದೆ ಮಾಡಿ ಮುಷ್ಟಿಯಲ್ಲಿ ಒತ್ತಿ ಬಿಟ್ಟರೆ ಉಂಡೆ ಕಟ್ಟದೆ ಉದುರಬೇಕು. ಕುಂಡ ಮಣ್ಣಿನದಾದರೆ ಒಳ್ಳೆಯದು, ಅದರ ಮೈಯಿಂದಲೂ ನೀರು ಆರುತ್ತದೆ. ತಳದಲ್ಲಿ ತೂತು ಇರಲೇಬೇಕು. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು. ಚಿಕ್ಕ ಗಿಡಕ್ಕೆ ಚಿಕ್ಕ ಕುಂಡ. ದೊಡ್ಡ ಕುಂಡದ ಮಣ್ಣು ಬೇಗ ಒಣಗುವುದಿಲ್ಲ. ಕಡ್ಡಿಯ ಕೆಳಗಿನ ಎಲೆಗಳನ್ನು ತೆಗೆದು ಒಂದಿಂಚು ಆಳಕ್ಕೆ ನೆಟ್ಟು, ಎಳೆ ಬಿಸಿಲು ಬೀಳುವ ಕಡೆ ಇಡಬೇಕು. ಮೊದಲ ಒಂದು ವಾರ ನೀರೇ ಬೇಡ.

ಆರರಲ್ಲಿ ಎರಡು ಕಡ್ಡಿ ಹತ್ತು ದಿನದೊಳಗೆ ಬುಡದಲ್ಲಿ ಕಪ್ಪಾದವು. ಅವನ್ನು ಕಿತ್ತು ಎಸೆದೆವು, ಪಾಸ್‌ಬುಕ್ಕಿನ ಷರಾದಲ್ಲಿ 'ಎರಡು ಹೋದವು' ಎಂದು ಅವನು ಬರೆದ. ನಾಲ್ಕನೆಯ ವಾರ ಉಳಿದ ನಾಲ್ಕನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಾಗ ಮಣ್ಣು ಅವನ್ನು ಬಿಡಲಿಲ್ಲ. ಬೇರು ಬಂದಿತ್ತು. ಗಣೇಶನ ಹಬ್ಬ ಕಳೆದು ಅಜ್ಜಿ ಊರಿಗೆ ಬರುವ ಹೊತ್ತಿಗೆ ತುದಿಯಲ್ಲಿ ಜೋಡಿ ಜೋಡಿ ಹೊಸ ಎಲೆ. ಅವರು ಒಂದನ್ನು ಹಳೆಯ ಜಾಗದಲ್ಲೇ ಇಟ್ಟರು, ಒಂದು ಹುಬ್ಬಳ್ಳಿಗೆ ಹೋಯಿತು, ಒಂದು ನನಗೆ ಬಂತು. ನಾಲ್ಕನೆಯದಕ್ಕೆ ಹುಡುಗನೇ ಯಜಮಾನ.

ಈಗ ಆ ಪಾಸ್‌ಬುಕ್ಕಿನ ಉಪಯೋಗ ಹೇಳುತ್ತೇನೆ. ಒಣಮಣ್ಣು ತುಂಬಿದ ಅವನ ಕುಂಡ ಅಡುಗೆಮನೆಯ ತಕ್ಕಡಿಯಲ್ಲಿ 640 ಗ್ರಾಂ ತೂಗಿತ್ತು. ಮೊದಲ ಸಲ ಚೆನ್ನಾಗಿ ನೀರು ಹಾಕಿ, ತಳದಿಂದ ಹರಿದದ್ದನ್ನು ಚೆಲ್ಲಿ ತೂಗಿದಾಗ 810. ಅಂದರೆ ಮಣ್ಣು 170 ಗ್ರಾಂ ನೀರು ಹಿಡಿದಿದೆ. ಮಾರನೆಯ ದಿನ 790, ಆಮೇಲೆ 765, 745. ಎರಡು ವಾರ ಕಳೆದರೂ 640 ಮುಟ್ಟಿರಲಿಲ್ಲ. "ಅಯ್ಯೋ ಅಜ್ಜಾ, ಅದರ ಹತ್ರ ಇನ್ನೂ ನೀರಿದೆ! ನಾನು ದಿನಾ ಹಾಕ್ತಿದ್ನಲ್ಲ" ಎಂದು ತಾನೇ ಕಣ್ಣರಳಿಸಿದ. ನಾನು ಎಷ್ಟು ವಿವರಿಸಿದ್ದರೂ ಅಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ.

ತಕ್ಕಡಿ ಇಲ್ಲದವರು ಊದುಬತ್ತಿ ಉರಿದು ಉಳಿದ ಬಿದಿರು ಕಡ್ಡಿಯನ್ನು ಕುಂಡದ ಅಂಚಿನಲ್ಲಿ ತಳದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಮಣ್ಣು ಅಂಟಿದ್ದರೆ, ಕಡ್ಡಿ ತಣ್ಣಗಿದ್ದರೆ ನೀರು ಬೇಡ. ಒಣಗಿ ಬಂದರೆ ಮಾತ್ರ ಹಾಕಿ. ಹಾಕುವಾಗ ಜಿಪುಣತನ ಬೇಡ, ತಳದಿಂದ ಹರಿಯುವವರೆಗೆ ಹಾಕಿ, ತಟ್ಟೆಯ ನೀರು ಚೆಲ್ಲಿಬಿಡಿ. ಆಮೇಲೆ ಮತ್ತೆ ಪೂರ್ತಿ ಒಣಗುವವರೆಗೆ ಮುಟ್ಟಬೇಡಿ. 'ವಾರಕ್ಕೊಂದು ಸಲ' ಎಂಬ ಲೆಕ್ಕ ನಂಬಬೇಡಿ. ಮೇ ತಿಂಗಳ ರಾಯಚೂರಿಗೂ ಜುಲೈ ತಿಂಗಳ ತೀರ್ಥಹಳ್ಳಿಗೂ ಒಂದೇ ಲೆಕ್ಕ ಹೇಗೆ ಆದೀತು?

ಬೇರೆ ದಪ್ಪ ಎಲೆಯ ಗಿಡಗಳಿಗೂ ದಾರಿ ಹೆಚ್ಚುಕಡಿಮೆ ಇದೇ. ಲೋಳೆಸರ ಕೊಳೆತರೆ ಅದರ ಎಲೆಯನ್ನು ನೆಟ್ಟು ಕಾಯಬೇಡಿ, ಅದು ಸಾಮಾನ್ಯವಾಗಿ ಬೇರು ಬಿಡುವುದಿಲ್ಲ. ಬುಡದಲ್ಲಿರುವ ಮರಿಗಳನ್ನು ಬೇರಿನ ಸಮೇತ ಬಿಡಿಸಿ ನೆಡಿ. ದೊಡ್ಡ ಎಲೆಯ ಜೇಡ್ ಆದರೆ ಒಂದೊಂದು ಎಲೆಯಿಂದಲೂ ಗಿಡ ಬರುತ್ತದೆ. ಗಟ್ಟಿಯಾದ ಎಲೆಯನ್ನು ಬುಡ ಮುರಿಯದಂತೆ ಬಿಡಿಸಿ, ಕೆಲವು ದಿನ ಒಣಗಿಸಿ, ಮಣ್ಣಿನ ಮೇಲೆ ಮಲಗಿಸಿಟ್ಟರೆ ಸಾಕು. ಕಾಡುಬಸಳೆಯಂತೂ ಎಲೆಯ ಅಂಚಿನಲ್ಲೇ ಮರಿಗಳನ್ನು ಹೊತ್ತುಕೊಂಡು ನಿಮ್ಮನ್ನು ಕೇಳದೆಯೇ ಹುಟ್ಟುತ್ತದೆ.

ನನ್ನ ಓರಗೆಯವರಿಗೆ ಒಂದು ಮಾತು. ಗಿಡವನ್ನು ಮೊಮ್ಮಕ್ಕಳ ಕೈಗೆ ಒಪ್ಪಿಸುವಾಗ "ನೋಡ್ಕೋ" ಎಂದಷ್ಟೇ ಹೇಳಬೇಡಿ, ಯಾವಾಗ ನೀರು ಹಾಕಬಾರದು ಎಂಬುದನ್ನೂ ಹೇಳಿ. ಮಕ್ಕಳ ಪ್ರೀತಿಗೆ ಅಳತೆ ಗೊತ್ತಿರುವುದಿಲ್ಲ. ಊಟವಾಗಿದೆ ಎಂದರೂ ಮೊಮ್ಮಕ್ಕಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕುವ ನಮಗೂ ಅದು ಅಷ್ಟೇನೂ ಗೊತ್ತಿಲ್ಲ.

ಮಕ್ಕಳೇ, ಈ ಭಾನುವಾರದ ಕೆಲಸ ಇದು. ಮನೆಯಲ್ಲಿರುವ ದಪ್ಪ ಎಲೆಯ ಗಿಡದ ಕುಂಡವನ್ನು ಎತ್ತಿ ನೋಡಿ, ತಟ್ಟೆಯಲ್ಲಿ ನೀರು ನಿಂತಿದ್ದರೆ ಚೆಲ್ಲಿ. ಒಂದು ಹಳೆಯ ನೋಟ್‌ಬುಕ್ಕಿಗೆ ನಾಲ್ಕು ಗೆರೆ ಎಳೆದು ಮೊದಲ ತೂಕ ಬರೆಯಿರಿ. ಅದು ಹಗುರಾಗುವವರೆಗೆ ಚೊಂಬು ಅಡುಗೆಮನೆಯಲ್ಲೇ ಇರಲಿ.